ಹಿಂದಿನ ಸೈಕಲ್ಲಿಗೆ ಎಣ್ಣೆ ಹಾಕಬಾರದು

ನಮ್ಮ ಸೋದರಮಾವನ ಕತ್ತು ಮೂರು ವರ್ಷದಿಂದ ಹಿಂದಕ್ಕೆ ತಿರುಗುತ್ತಿಲ್ಲ. ಡಾಕ್ಟರಿಗೆ ತೋರಿಸಿದ್ದಾಯಿತು. ಮೂಳೆ ಸರಿಯಾಗಿದೆಯಂತೆ, ನರವೂ ಸರಿಯಾಗಿದೆಯಂತೆ. ಎಡಕ್ಕೆ ತಿರುಗುತ್ತದೆ, ಬಲಕ್ಕೆ ತಿರುಗುತ್ತದೆ, ಎಲ್ಲಾದರೂ ಮಿರ್ಚಿ ಕರಿಯುವ ವಾಸನೆ ಬಂದರೆ ಮೇಲಕ್ಕೂ ಏಳುತ್ತದೆ. ಹಿಂದಕ್ಕೆ ಮಾತ್ರ ಇಲ್ಲ! ಇಂಥವನ ಹಿಂದೆ ಪ್ರತಿ ಭಾನುವಾರ ಸೈಕಲ್ ಹೊಡೆಯುವ ಭಾಗ್ಯ ನನ್ನದು.

ಮಾವ ಬೆಟಗೇರಿಯಲ್ಲಿ ನಲವತ್ತು ವರ್ಷ ಕೈಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯ್ದವನು. ಅವನ ಬೆನ್ನ ಹಿಂದೆ ಅತ್ತೆ ರಾಟಿಯ ಮುಂದೆ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಗಂಡ ಹೆಂಡತಿ ಮುಖ ನೋಡಿ ಮಾತಾಡಿದ್ದನ್ನು ನಾನಂತೂ ಕಂಡಿಲ್ಲ. ಇವನು ಎದುರಿನ ಗೋಡೆಗೆ ಹೇಳುತ್ತಿದ್ದ, ಅವಳು ಇವನ ಬೆನ್ನಿಗೆ ಉತ್ತರ ಕೊಡುತ್ತಿದ್ದಳು. ಜಗಳವೂ ಹಾಗೆಯೇ. ಮೂರು ವರ್ಷದ ಹಿಂದೆ ಅತ್ತೆ ಕೂತಲ್ಲೇ ತೀರಿಕೊಂಡಳು. ತಿಂಗಳೊಳಗೆ ಮಾವ ಮಗ್ಗ ಬಿಚ್ಚಿಸಿ ಕುಣಿಗೆ ಮಣ್ಣು ತುಂಬಿಸಿದ.

ಮಗ್ಗವೇನೋ ಹೋಯಿತು, ಕಾಲು ಕೇಳಬೇಕಲ್ಲ! ಲಕ್ಷ್ಮೇಶ್ವರದ ಒಂದು ಮದುವೆಯಲ್ಲಿ ಟೇಬಲ್ಲಿಗೆ ಊಟಕ್ಕೆ ಕೂತಿದ್ದೆವು. ಕೆಳಗೆ ಮಾವನ ಕಾಲುಗಳು ಮಗ್ಗ ತುಳಿದ ಹಾಗೆ ತಮ್ಮಷ್ಟಕ್ಕೆ ತುಳಿಯತೊಡಗಿದವು. ಎಡ, ಬಲ, ಎಡ, ಬಲ. ಟೇಬಲ್ ಅಲುಗಿ, ಸಾಲಿನ ಕೊನೆಯಲ್ಲಿದ್ದ ಬೀಗರ ಸಾರು ನಿಧಾನವಾಗಿ ಎಲೆ ದಾಟಿ ಅವರ ಧೋತರಕ್ಕೆ ಇಳಿಯಿತು. ಬೀಗರು ಎದ್ದು ನಿಂತು ಕೈಮುಗಿದರು: "ಇವರಿಗೊಂದು ಸೈಕಲ್ ಕೊಡಸ್ರಿ, ಇಲ್ಲಾಂದ್ರ ಬ್ಯಾರೆ ಟೇಬಲ್ ಕೊಡ್ರಿ!"

ಸೈಕಲ್ ಕೊಡಿಸಿದೆವು. ಅವನು ಹೋಗುವುದು ಕೆರೆ ಇರುವ ದಾರಿಗಳಲ್ಲಿ ಮಾತ್ರ. ಒಂದು ವಾರ ಕಳಸಾಪುರ, ಡಂಬಳ, ಮುಂಡರಗಿ. ಹುಮ್ಮಸ್ಸಿದ್ದರೆ ಹೊಳೆದಂಡೆಯ ಹಮ್ಮಿಗಿವರೆಗೂ. ಇನ್ನೊಂದು ವಾರ ಶಿರಹಟ್ಟಿ, ಮಾಗಡಿ ಕೆರೆ. ಕೆರೆಯೇ ಯಾಕೆ ಎಂದು ಕೇಳಿದ್ದೆ. "ನಲವತ್ತು ವರ್ಷ ಮೂಗಿನ ಮುಂದಿನ ಗ್ವಾಡಿ ನೋಡೇನಿ. ಈಗ ನೀರು ನೋಡಬೇಕಲೇ" ಎಂದ. ಇದು ಒಪ್ಪತಕ್ಕ ಮಾತೇ. ಒಪ್ಪಲಾಗದ್ದು ಅವನ ಅಳತೆ! ಮಾವ ಕಿಲೋಮೀಟರನ್ನು ಲೆಕ್ಕಕ್ಕೇ ಇಟ್ಟಿಲ್ಲ. ಎಷ್ಟು ಬಟ್ಟೆ ನೇಯುವ ಹೊತ್ತಿನಲ್ಲಿ ಊರು ಮುಟ್ಟುತ್ತಾನೋ ಅಷ್ಟೇ ದೂರ. ಒಮ್ಮೆ ಬೆಟಗೇರಿಯಲ್ಲೇ ಹುಬ್ಬಳ್ಳಿ ಕಡೆಯ ಇಬ್ಬರು ಹುಡುಗರು, ಹೆಲ್ಮೆಟ್ಟು, ಬಿಗಿ ಚಡ್ಡಿ, ಗೇರಿನ ಸೈಕಲ್ಲು, ನಮ್ಮನ್ನು ನಿಲ್ಲಿಸಿದರು.

"ಅಜ್ಜಾರ, ಡಂಬಳ ಕೆರಿ ಎಷ್ಟು ದೂರ ಐತ್ರಿ?"

"ಇಲ್ಲಿಂದ ಒಂದು ಮೊಳ. ನಡುವ ಕಳಸಾಪುರ ಬರತೈತಿ, ಅದು ಒಂದು ಗೇಣು."

ಹುಡುಗರು ಮೊಬೈಲ್ ನೋಡಿಕೊಂಡರು. "ಇದರಾಗ ಬ್ಯಾರೆ ತೋರಸಾಕತ್ತೈತಲ್ರಿ?"

"ಅದು ಎಂದರ ಮಗ್ಗದಾಗ ಕುಂತೈತೇನು?" ಎಂದು ಮಾವ ಪೆಡಲ್ ತುಳಿದೇಬಿಟ್ಟ.

ಇಷ್ಟಾದರೂ ಪರವಾಗಿಲ್ಲ ಎನ್ನಬಹುದಿತ್ತು. ಆದರೆ ಅವನ ಜೊತೆ ಹೋಗುವವರಿಗೆ ಎರಡು ಕಾನೂನುಗಳಿದ್ದವು. ಒಂದು, ಜೊತೆಗಾರ ಪಕ್ಕದಲ್ಲಿ ಬರಕೂಡದು, ಮುಂದೆ ಹೋಗಕೂಡದು, ಹಿಂದೆಯೇ ಇರಬೇಕು. ಎರಡು, ಹಿಂದಿನ ಸೈಕಲ್ಲಿನ ಸರಪಳಿಗೆ ಎಣ್ಣೆ ಹಾಕಕೂಡದು! ಯಾಕೆಂದು ಕೇಳಿದರೆ "ಹಾಕಬಾರದು ಅಂದ್ರ ಹಾಕಬಾರದು" ಎಂಬುದಷ್ಟೇ ಉತ್ತರ. ಹೀಗೆ ನಾವು ಕಿರ್ ಕಿರ್ ಎನ್ನುತ್ತ ಹಿಂದೆ, ಅವನು ಗಾಳಿಗೆ ಮುಖ ಕೊಟ್ಟು ಕತೆ ಹೇಳುತ್ತ ಮುಂದೆ. ಕಪ್ಪತಗುಡ್ಡದ ಕಡೆಯಿಂದ ಬೀಸುವ ಆ ಗಾಳಿಗೆ ಮಾತಿನಲ್ಲಿ ಅರ್ಧ ನಮಗೆ ಸಿಗುತ್ತಿತ್ತು, ಅರ್ಧ ಜೋಳದ ಹೊಲಕ್ಕೆ ಹೋಗುತ್ತಿತ್ತು.

ಯಾರು ತಡೆದುಕೊಂಡಾರು? ನನ್ನ ತಮ್ಮ ಎರಡೇ ವಾರಕ್ಕೆ ಮಂಡಿನೋವು ಎಂದ. ಓಣಿಯ ಟೇಲರ್ ಒಬ್ಬ ಡಂಬಳದಲ್ಲಿ ಚಹಾದಂಗಡಿ ಕಂಡವನೇ ಸದ್ದಿಲ್ಲದೆ ಇಳಿದುಬಿಟ್ಟ. ಅಷ್ಟರಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಯಾರೋ ಒಬ್ಬ ತನ್ನ ಹಳೆಯ ಸೈಕಲ್ಲಿನಲ್ಲಿ ಕಿರ್ ಕಿರ್ ಎಂದು ಮಾವನ ಹಿಂದೆ ಬಂದನಂತೆ. ಮಾವ ಅತ್ತೆಯ ಕತೆ ಶುರು ಮಾಡಿದ್ದ. ಒಮ್ಮೆ ಸಿಟ್ಟಿನಲ್ಲಿ ಅವಳು ಕೆಂಪು ನೂಲಿನ ಬದಲು ಹಸಿರು ಕಂಡಿಕೆ ಕೊಟ್ಟಳು, ಇವನು ಬೈಯುವ ಭರದಲ್ಲಿ ನೋಡದೆ ನಾಲ್ಕು ಬೆರಳು ನೇಯ್ದುಬಿಟ್ಟ, ಆ ಕತೆ. ಹಾಲಿನವನು ಮುಂಡರಗಿಯವರೆಗೆ "ಹೌದ್ರಿ, ಹೌದ್ರಿ" ಅನ್ನುತ್ತ ಬಂದು, ಊರು ಮುಟ್ಟಿದ ಮೇಲೆ ಕೇಳಿದನಂತೆ: "ಭಾಳ ಛಲೋ ಹೇಳಿದ್ರಿ. ಅಂದಂಗ ನೀವು ಯಾರ್ರಿ?"

ಇದನ್ನು ಹೇಳಿಕೊಂಡು ನಾವು ಎಷ್ಟು ನಕ್ಕಿದ್ದೇವೋ! ಹಿಂದೆ ಯಾರಿದ್ದಾರೆ, ಯಾರಿಲ್ಲ ಎಂಬ ಖಬರೇ ಇಲ್ಲದ ಮನುಷ್ಯ ಎಂದು ಊರೆಲ್ಲ ಹಬ್ಬಿಸಿದೆವು. ಕೊನೆಗೆ ಉಳಿದವನು ನಾನೊಬ್ಬ. ಅವ್ವ ನನ್ನನ್ನು ಹೆದರಿಸಿಟ್ಟಿದ್ದಳು. "ನೀನೂ ಬಿಟ್ಟಿ ಅಂದ್ರ ಅಂವಾ ಸೈಕಲ್ ಗ್ವಾಡಿಗೆ ಹಚ್ಚಿ ಕುಂತಬಿಡ್ತಾನ. ನನ್ನ ತಮ್ಮ ಒಮ್ಮೆ ಕುಂತ ಅಂದ್ರ ಮತ್ತ ಏಳೂದಿಲ್ಲ, ನೆನಪಿಡು."

ನೆನಪಿಟ್ಟೆ. ಆದರೂ ಒಂದು ಭಾನುವಾರ ಟೀವಿಯಲ್ಲಿ ಕ್ರಿಕೆಟ್ ಇತ್ತು. ಕಳಸಾಪುರದಲ್ಲಿ ಬ್ರೇಕ್ ಒತ್ತಿದೆ. ಮಾವ ಮಾತಾಡುತ್ತ ಮುಂದೆ ಹೋದ, ನಾನು ಹ್ಯಾಂಡಲ್ ತಿರುಗಿಸಿ ಮನೆಗೆ ಬಂದೆ. ಸಂಜೆ ಅವನು ಮಿರ್ಚಿ ಕಟ್ಟಿಸಿಕೊಂಡು ನಮ್ಮ ಮನೆಗೇ ಬಂದ. ನಾನು ಓಡಿಹೋಗಿ ಟೀವಿ ಆರಿಸಿದೆ.

"ಡಂಬಳ ಕೆರಿ ಈ ಸಲ ಛಲೋ ತುಂಬೈತಲ್ಲ?" ಎಂದು ಕೇಳಿದ.

"ಹೌದು ಮಾಮಾ, ಭಾಳ ತುಂಬೈತಿ," ಎಂದೆ.

"ಹೂಂ. ತಿನ್ನು, ಆರತಾವ."

ಸಿಕ್ಕಿಬೀಳಲಿಲ್ಲವೆಂದು ನಾಲ್ಕು ಮಿರ್ಚಿ ಹೆಚ್ಚಿಗೆ ತಿಂದೆ. ಇಂಥ ಜಾಣ ನಾನು!

ಹೋದ ಚಳಿಗಾಲದಲ್ಲಿ ಮಾಗಡಿ ಕೆರೆಗೆ ಹೊರಟೆವು. ಹೊರದೇಶದ ಬಾತುಗಳು ಬಂದಿಳಿದಿದ್ದ ಹೊತ್ತು. ಹಿಂದಿನ ದಿನ ಪಂಕ್ಚರ್ ತೆಗೆದ ಗ್ಯಾರೇಜಿನವನು ನನ್ನ ಸರಪಳಿಯ ಸ್ಥಿತಿ ನೋಡಿ ಮರುಗಿ, ಕೇಳದೆಯೇ ಎಣ್ಣೆ ಬಿಟ್ಟಿದ್ದ. ಸೈಕಲ್ ಬೆಣ್ಣೆಯ ಹಾಗೆ ಜಾರುತ್ತಿತ್ತು. ಗದಗ ಪೇಟೆಯ ಗದ್ದಲ ದಾಟಿ ಸ್ವಲ್ಪ ದೂರ ಹೋಗುವುದರಲ್ಲಿ ಮಾವನ ಮಾತು ನಿಂತಿತು. ಶಿರಹಟ್ಟಿ ಬಂತು, ಮಾತಿಲ್ಲ. ಮಾಗಡಿ ರಸ್ತೆಗೆ ಬಿದ್ದೆವು, ಮಾತಿಲ್ಲ. ಇವತ್ತು ಕಿವಿಗೆ ರಜೆ ಎಂದು ನಾನು ಖುಷಿಯಾಗಿದ್ದೆ.

ಕೆರೆಯ ಏರಿಯ ಮೇಲೆ ಮಾವ ನೀರಿಗೆ ಮುಖ ಮಾಡಿ ಕೂತ. ನಾನು ಸ್ವಲ್ಪ ಹಿಂದೆ ಸೈಕಲ್ ನಿಲ್ಲಿಸುತ್ತಿದ್ದೆ. ಅವನು ರೊಟ್ಟಿಯ ಗಂಟು ಬಿಚ್ಚಿ, ರೂಢಿಯಂತೆ ಎರಡು ಪಾಲು ಮಾಡಿದ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತು, ಮತ್ತೆ ಎರಡನ್ನೂ ಒಂದೇ ಮಾಡಿದ.

"ಮಾಮಾ," ಎಂದೆ.

ಬೆಚ್ಚಿಬಿದ್ದ. "ಏ! ನೀ ಅದಿಯೇನು? ಸಪ್ಪಳನ ಬರಲಿಲ್ಲಲ್ಲೋ!"

"ಗ್ಯಾರೇಜಿನಾಂವ ಎಣ್ಣಿ ಹಾಕಿಬಿಟ್ಟಾನ."

"ಹಂಗೇನು? ಕಳಸಾಪುರದಾಗ ಹೋದಂಗ ಇವತ್ತೂ ಹೋದಿ ಅಂದ್ಕೊಂಡಿದ್ದೆ."

ಸೈಕಲ್ಲನ್ನು ಅಲ್ಲೇ ಬಿಟ್ಟು ಹತ್ತಿರ ಬಂದೆ. "ಅವತ್ತು ನಿನಗ ಗೊತ್ತಿತ್ತೇನು?"

"ಸಪ್ಪಳ ನಿಂತ ಮ್ಯಾಲೆ ಗೊತ್ತಾಗೂದಿಲ್ಲೇನು? ಸಪ್ಪಳ ನಿಂತ್ರ ನಾನೂ ಸುಮ್ಮನಾಗ್ತೀನಿ. ಮತ್ತ ಯಾರ ಜೋಡಿ ಮಾತಾಡ್ಲಿ?"

ಹಾಗಾದರೆ ಒಮ್ಮೆ ತಿರುಗಿ ನೋಡಬಹುದಲ್ಲ ಎಂದೆ. ಕೇಳಬಾರದಿತ್ತು. ಮಾವ ನೀರಿಗೆ ಮುಖ ಮಾಡಿಯೇ ಹೇಳಿದ:

"ನಿಮ್ಮತ್ತಿ ರಾಟಿಗೆ ನಾ ಎಣ್ಣಿ ಬಿಡಾಕ ಬಿಡ್ತಿದ್ದಿಲ್ಲ. ಕಿರ್ ಅಂತಿತ್ತಂದ್ರ ಅಕಿ ಕುಂತಾಳ ಅಂತ ನನಗ ತಿಳೀತಿತ್ತು. ಅವತ್ತು ಸಪ್ಪಳ ನಿಂತಬಿಡ್ತು. ಚಹಾ ಮಾಡಾಕ ಎದ್ದಾಳ ಅಂದ್ಕೊಂಡು ನಾ ನೇಯ್ಕೋತ ಕುಂತೆ. ಚಹಾ ಬರಲಿಲ್ಲ ಅಂತ ತಿರುಗಿ ನೋಡಿದೆ... ಅಷ್ಟೊತ್ತಿಗೆ ಒಂದು ಗೇಣು ನೇಯ್ದಿದ್ದೆ."

ಒಂದು ಗೇಣು. ಬೆಟಗೇರಿಯಿಂದ ಕಳಸಾಪುರ. ಅಷ್ಟು ದೂರ ಅವನು ಯಾರೂ ಇಲ್ಲದೆ ನೇಯ್ದಿದ್ದ. ಅಲ್ಲಿಂದಲೇ ನಾನು ಅವನನ್ನು ಬಿಟ್ಟು ಬಂದಿದ್ದೆ, ಕ್ರಿಕೆಟ್ ನೋಡಲು. ನನಗೆ ಅಳು ತಡೆಯಲಾಗಲಿಲ್ಲ. ಮಾವ ರೊಟ್ಟಿಯನ್ನು ಮತ್ತೆ ಎರಡು ಪಾಲು ಮಾಡಿ, ನನ್ನದನ್ನು ಮುಂದೆ ಸರಿಸಿದ.

ಹೊರಡುವ ಮುಂಚೆ ಏರಿಯ ಒಣಮಣ್ಣನ್ನು ಎರಡು ಹಿಡಿ ತಂದು ಸರಪಳಿಯ ಮೇಲೆ ಸುರಿದೆ. ಪೆಡಲ್ ತಿರುಗಿಸಿ ನೋಡಿ, ಸಾಲದೆಂದು ಮತ್ತೊಂದು ಹಿಡಿ ಹಾಕಿದೆ. ಗ್ಯಾರೇಜಿನವನು ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದ! ಶಿರಹಟ್ಟಿ ಹತ್ತಿರ ಬರುವ ಹೊತ್ತಿಗೆ ನನ್ನ ಸೈಕಲ್ ಮೆಲ್ಲಗೆ ಕಿರ್ ಎಂದಿತು. ಮುಂದೆ ಮಾವನ ಬೆನ್ನು ನೆಟ್ಟಗಾಯಿತು.

"ಲೇ," ಎಂದ, ತಿರುಗದೆ. "ನಿಮ್ಮತ್ತಿ ಒಮ್ಮೆ ಸಿಟ್ಟಿಲೆ ಹಸರು ಕಂಡಿಕಿ ಕೊಟ್ಟಿದ್ದು ಹೇಳೇನೇನು ನಿನಗ?"

"ಇಲ್ಲ ಮಾಮಾ," ಎಂದೆ. "ಹೇಳು."