ಮರೆವಿನ ಕೊಳವೆಯ ಹುಟ್ಟೂರು

ಬ್ಯಾಂಕ್ ಗುಮಾಸ್ತ ಆತ್ರೇಯನ ಪ್ರಾಣ ಒಂದು ಹರಕು ಕಾದಂಬರಿಯಲ್ಲಿತ್ತು. ಆ ಕಾದಂಬರಿ ದೇವರ ಮನೆಯಲ್ಲಿ, ಸರಸ್ವತಿ ಪೂಜೆಗಿಟ್ಟ ಪುಸ್ತಕಗಳ ತೀರಾ ತಳದಲ್ಲಿತ್ತು.

ಪ್ರಾಣ ಅಂದರೆ ಅವನದಲ್ಲ, ಆಟದಲ್ಲಿನ ಅವನ ಕ್ಯಾಪ್ಟನ್‌ನದು. ರಜೆ ಬಂದರೆ ಬಸವನಗುಡಿಯ ಅವನ ಮನೆಯ ಹಜಾರದಲ್ಲಿ ಗೆಳೆಯರೆಲ್ಲ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಬಾಹ್ಯಾಕಾಶದಲ್ಲಿ ಯುದ್ಧ ಮಾಡುತ್ತಿದ್ದರು. ಬ್ಯಾಂಕಿನಲ್ಲಿ ಸ್ಟೇಪ್ಲರ್ ಕೇಳಲೂ ಹೆದರುವ ಆತ್ರೇಯ ಅಲ್ಲಿ ಗ್ರಹಗಳನ್ನೇ ಗೆದ್ದಿದ್ದ. ಕಳೆದ ಆಟದಲ್ಲಿ ಮಾತ್ರ ಏಳು ಬಾಯಿಯ ಪ್ರಾಣಿಯೊಂದು ಅವನ ಕ್ಯಾಪ್ಟನ್‌ನನ್ನು ಮೂಲೆಗೆ ಒತ್ತಿಬಿಟ್ಟಿತ್ತು.

ಉಳಿದಿದ್ದ ಒಂದೇ ಆಯುಧ ಮರೆವಿನ ಕೊಳವೆ. ಊದಿದರೆ ಶತ್ರುವಿಗೆ ತಾನು ಯಾಕೆ ಬಂದೆನೆಂಬುದೇ ಮರೆತುಹೋಗುತ್ತದೆ. ಆದರೆ ಆಟ ನಡೆಸುವ ಧೃತಿ ಕಾಲೇಜಿನಲ್ಲಿ ಸಾಹಿತ್ಯ ಪಾಠ ಮಾಡುವವಳು.

"ಮನಸ್ಸಿಗೆ ಬಂದಿದ್ದೆಲ್ಲ ಆಯುಧ ಆಗಲ್ಲ ಗುರು. ಕಿರಣ ಕಾರೋ ಬಂದೂಕೂ ಮೊದ್ಲು ಕತೇಲೇ ಹುಟ್ಟಿದ್ದು. ನಿಂದು ಯಾವ ಕತೇಲಿ ಹುಟ್ತು? ಪುಟ ತೋರ್ಸು" ಎಂದಿದ್ದಳು.

ಅದು ಹುಟ್ಟಿದ್ದು 'ಮಂಗಳ ಗ್ರಹದ ಅಳಿಯ' ಎಂಬ ಕಾದಂಬರಿಯಲ್ಲಿ. ಇವತ್ತು ಆಯುಧಪೂಜೆಯ ರಜೆ, ಸಂಜೆಗೇ ಆಟ. ಪುಸ್ತಕ ತೆಗೆಯೋಣವೆಂದರೆ ಅಮ್ಮ ಅಂಬುಜಮ್ಮ ಅದರ ಮುಂದೆಯೇ ಕೂತಿದ್ದಾರೆ.

"ಒಂದೇ ಪುಟ ಅಮ್ಮ."

"ನಾಳೆ ವಿಜಯದಶಮಿ, ಪೂಜೆ ಮಾಡಿ ತೆಗೀತೀನಿ. ಇವತ್ತು ಓದಿದ್ರೆ ಇರೋ ವಿದ್ಯೇನೂ ಹೋಗತ್ತೆ."

"ನಾಳೆ ಹೊತ್ತಿಗೆ ಕ್ಯಾಪ್ಟನ್ ಇರಲ್ಲಮ್ಮ!"

"ಅಯ್ಯೋ, ಯಾವ ಆಸ್ಪತ್ರೇಲಿದಾರೆ?" ಎನ್ನುತ್ತಾ ಒಳಗೆ ಬಂದರು, ಗೊಂಬೆ ನೋಡಲು ಬಂದ ಪಕ್ಕದ ಮನೆ ನಾರಾಯಣಮ್ಮ. ವಿಷಯ ತಿಳಿದ ಮೇಲೂ ಅವರ ಕನಿಕರ ಕಡಿಮೆಯಾಗಲಿಲ್ಲ. ಅಂಬುಜಮ್ಮ ಅಡುಗೆಮನೆಗೆ ಹೋದದ್ದೇ ತಡ, ಹಜಾರದಿಂದ ಕಟಿಂಗ್ ಪ್ಲೇಯರ್ ತಂದು, "ಇದ್ರಲ್ಲಿ ಎಳ್ಕೋ. ಕೈಯಲ್ಲಿ ಮುಟ್ಟಿದಂಗಾಗಲ್ಲ" ಎಂದರು.

ಆತ್ರೇಯ ಎಳೆದ. ಇಡೀ ರಾಶಿ ಅವನ ಮೇಲೇ ಕವುಚಿತು, ತೀರ್ಥದ ಲೋಟದ ಸಮೇತ. ಓಡಿಬಂದ ಅಂಬುಜಮ್ಮ ಪುಸ್ತಕ ಬಿದ್ದದ್ದಕ್ಕಿಂತ ಹೆಚ್ಚಾಗಿ ಅವನ ಕೈಯಲ್ಲಿದ್ದುದನ್ನು ನೋಡಿ ಕಿರುಚಿದರು.

"ಅಯ್ಯೋ, ಅದಕ್ಕೂ ಪೂಜೆ ಆಗಿದೆ ಕಣೋ! ಪೂಜೆ ಮಾಡಿದ ಆಯುಧಾನ ಇವತ್ತು ಬಳಸ್ತಾರೇನೋ?"

ನಾರಾಯಣಮ್ಮನೂ "ಅದೇ ಮತ್ತೆ!" ಎಂದು ಅವನನ್ನೇ ಗದರಿದರು. ಅಂಬುಜಮ್ಮ ಪುಸ್ತಕಗಳನ್ನೆಲ್ಲ ಒರೆಸಿ ಮತ್ತೆ ಜೋಡಿಸಿಟ್ಟು ಅಲ್ಲೇ ಕಾವಲು ಕೂತರು.

ಸಂಜೆ ಧೃತಿ ಬಂದು "ಎಲ್ಲಪ್ಪಾ ಪುಟ?" ಎಂದಾಗ ಆತ್ರೇಯ ದೇವರ ಮನೆಯ ಕಡೆ ಕೈ ತೋರಿಸಿದ. ಮಗನ ಮುಖ ನೋಡಿ ಅಂಬುಜಮ್ಮ ಎದ್ದು ಬಂದರು. ಸೆರಗು ಸರಿಮಾಡಿಕೊಂಡು ಶುರುಮಾಡಿದರು: "'ಅಳಿಯನು ಬೆಳ್ಳಿಯ ಕೊಳವೆಯನ್ನು ಊದಿದನು. ಶತ್ರುಸೈನ್ಯವು ತಾನೇಕೆ ಬಂದೆನೆಂಬುದನ್ನು ಮರೆತು, ಊಟವಾಯಿತೇ ಎಂದು ವಿಚಾರಿಸಿತು.' ಮುಂದಿಂದೂ ಹೇಳ್ಲಾ? ಮದ್ವೆಯಾಗಿ ಬಂದಾಗ ಈ ಮನೇಲಿ ಪಂಚಾಂಗ ಬಿಟ್ರೆ ಓದೋಕಿದ್ದಿದ್ದು ಅದೊಂದೇ."

"ಬೆಳಗ್ಗೇನೇ ಹೇಳ್ಬಾರ್ದಿತ್ತಾ ಅಮ್ಮ!"

"ನೀನು ಪುಟ ಕೇಳ್ದೆ, ಕತೆ ಎಲ್ಲಿ ಕೇಳ್ದೆ?"

ಧೃತಿ ಕೈ ಮುಗಿದಳು. "ಒಪ್ಕೊಂಡೆ ಆಂಟಿ. ಇದು ಅಸಲಿ ಆಯುಧ."

ಆತ್ರೇಯನಿಗೆ ಜೀವ ಬಂತು. ಕೊಳವೆಯ ಚಿತ್ರವಿದ್ದ ಚೀಟಿಯನ್ನು ಮುಂದಿಟ್ಟು ದಾಳ ಎತ್ತಿದ.

"ತಡಿ" ಎಂದರು ಅಂಬುಜಮ್ಮ. "ಏನಂದೆ ಧೃತಿ? ಅಸಲಿ ಆಯುಧಾನಾ?"

"ಅನುಮಾನವೇ ಇಲ್ಲ ಆಂಟಿ."

ಅಂಬುಜಮ್ಮ ಚೀಟಿಯನ್ನು ಭಕ್ತಿಯಿಂದ ಎತ್ತಿಕೊಂಡು, ಕುಂಕುಮವಿಟ್ಟು, ಕಟಿಂಗ್ ಪ್ಲೇಯರ್ ಪಕ್ಕದಲ್ಲಿ ಇರಿಸಿದರು. "ನಾಳೆ ಊದ್ಕೋ."

"ಮತ್ತೆ ಆ ಪ್ರಾಣಿ ಬಾಯಿ? ಅದು ಆಯುಧ ಅಲ್ವಾ?"

"ಬಾಯಿ ಆಯುಧ ಅಲ್ಲ ಕಣೋ, ಹೊಟ್ಟೆಪಾಡು."

ಧೃತಿ ದಾಳ ಉರುಳಿಸಿದಳು. ಕ್ಯಾಪ್ಟನ್ ಏಳು ಬಾಯಿಗೂ ಹಂಚಿಹೋದ. ಅಂಬುಜಮ್ಮ ಎಲ್ಲರಿಗೂ ಕಡಲೆ ಉಸಲಿ ಹಂಚಿದರು. ಆತ್ರೇಯ ಎರಡು ಸಲ ಹಾಕಿಸಿಕೊಂಡ.