ಸೋಲಲು ಹೊರಟ ಹಾಲ್‌ರಾಯ್ಡ್

ಎನಕ್ ಹಾಲ್‌ರಾಯ್ಡ್‌ಗೆ ಯಾರ ಮುಖ ನೋಡಿಯೂ ‘ಆಗುವುದಿಲ್ಲ’ ಎನ್ನಲು ಬರುತ್ತಿರಲಿಲ್ಲ. ಯಾರ್ಕ್‌ಶೈರಿನ ಗಿರಣಿ ಊರೊಂದರಲ್ಲಿ ಕಲ್ಲಿದ್ದಲು ಮಾರಿಕೊಂಡಿದ್ದವನು ಒಂಬತ್ತು ವರ್ಷ ಪುರಸಭೆಯ ಸದಸ್ಯನಾಗಿದ್ದು ಹಾಗೆಯೇ. ಈ ಸಲ ಚುನಾವಣೆಗೆ ನಿಲ್ಲುವುದಿಲ್ಲವೆಂದು ಹೆಂಡತಿ ಸೆಲೀನಾಗೆ ಮಾತು ಕೊಟ್ಟಿದ್ದ. ಅಷ್ಟರಲ್ಲಿ ನೆರೆಯವರು ಬಿಸಿಬಿಸಿ ಪೈ ತಿನಿಸು ಹಿಡಿದು ಬಂದು ಒಪ್ಪಿಸಿಬಿಟ್ಟರು.

ಮತದಾನದ ದಿನ ಬೆಳಿಗ್ಗೆ ಸೆಲೀನಾ ಗಂಜಿ ಬಡಿಸುತ್ತ ಹೇಳಿದಳು: “ಯಾವಾಗ ನೋಡಿದ್ರೂ ನಿನಗೆ ಸಭೆ. ನಾನು ರಾತ್ರಿ ಗಡಿಯಾರದ ಜೊತೆ ಊಟ ಮಾಡ್ತೀನಿ, ಎನಕ್. ಅದಾದ್ರೂ ನಿನಗಿಂತ ಜಾಸ್ತಿ ಮಾತಾಡುತ್ತೆ.”

“ಇವತ್ತು ಸೋತೇ ಬರ್ತೀನಿ, ನೋಡ್ತಿರು.”

ಎದುರಾಳಿಯ ಗಾಡಿಯಲ್ಲಿ ಪುಕ್ಕಟೆ ಹೋಗಿ, ಮತ ಮಾತ್ರ ತಮ್ಮವನಿಗೆ ಹಾಕುವುದು ಆ ಊರಿನ ರೂಢಿ. ಅದನ್ನೇ ನಂಬಿ ಎನಕ್ ಕಲ್ಲಿದ್ದಲಿನ ಗಾಡಿ ತೊಳೆದ. ತನ್ನ ಪಕ್ಷದ ಹಳದಿ ರಿಬ್ಬನ್ನಿನವರನ್ನು ಬಿಟ್ಟು, ಎದುರಾಳಿ ಜಾಬ್ ಗ್ರೀನ್‌ವುಡ್‌ನ ನೀಲಿ ರಿಬ್ಬನ್ನಿನವರನ್ನೇ ಹುಡುಕಿ ಹತ್ತಿಸಿಕೊಂಡ.

ಮೊದಲು ಸಿಕ್ಕವಳು ವಿಧವೆ ಮಿಸೆಸ್ ಕ್ರಾಬ್‌ಟ್ರೀ. ಮಳೆ ಹನಿಯುತ್ತಿತ್ತು. ಎನಕ್ ತನ್ನ ಕೋಟು ಬಿಚ್ಚಿ ಅವಳಿಗೆ ಹೊದಿಸಿದ.

“ನಿಮ್ಮ ಮತ ಜಾಬ್‌ಗೇ ತಾನೆ, ಅಜ್ಜಿ?”

“ನಮ್ಮಪ್ಪ ನೀಲಿ, ನನ್ನ ಗಂಡ ನೀಲಿ. ನಮ್ಮನೆ ಬೆಕ್ಕಿಗೆ ಮತ ಇದ್ದಿದ್ರೆ ಅದೂ ನೀಲಿ.”

ಎನಕ್‌ಗೆ ಹಾಯೆನಿಸಿತು. ಅಜ್ಜಿ ಮತ ಹಾಕಿ ಬಂದವಳು ಅವನ ಕೈ ಹಿಡಿದುಕೊಂಡಳು.

“ನೀನು ನೆನೀತಾ ನಂಗೆ ಹೊದಿಸಿದೆಯಲ್ಲಪ್ಪ. ನಿನಗೇ ಹಾಕಿಬಿಟ್ಟೆ. ಬೆಕ್ಕಿಗೆ ಹೇಳ್ಬೇಡ.”

ಗಾಡಿಯ ಮುಂದಿನ ಸುತ್ತಿನಲ್ಲಿ ಅವನು ಯಾರಿಗೂ ಏನೂ ಹೊದಿಸಲಿಲ್ಲ. ಬೇಕೆಂದೇ ಹಳ್ಳದಿಣ್ಣೆಗಳ ಮೇಲೆ ಗಾಡಿ ಹಾರಿಸಿದ. ಹಿಂದೆ ಕುಳಿತಿದ್ದ ನೇಕಾರರು ಮರುಗಿದರು. “ಪಾಪ, ಸೋಲಿನ ಚಿಂತೇಲಿ ದಾರಿನೇ ಕಾಣ್ತಿಲ್ಲ ಇವನಿಗೆ. ನಾವಾದ್ರೂ ಒಂದೊಂದು ಮತ ಹಾಕೋಣ.”

ಎನಕ್‌ನ ಮುಖ ತನ್ನ ಸರಕಿನ ಬಣ್ಣಕ್ಕೆ ತಿರುಗಿತು. ಕೊನೆಗೆ ತನ್ನ ಮತವನ್ನೂ ಜಾಬ್‌ಗೇ ಹಾಕಿ ಬಂದು, ಎಣಿಕೆ ಮುಗಿಯುವವರೆಗೆ ಉಗುರು ಕಚ್ಚುತ್ತ ಕೂತ.

ಮೂರು ಮತಗಳಿಂದ ಸೋತ.

ಹೆಚ್ಚುಕಡಿಮೆ ಓಡಿಕೊಂಡೇ ಮನೆಗೆ ಬಂದ. ಸೆಲೀನಾ ಎರಡು ತಟ್ಟೆ ಇಟ್ಟಳು. ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ಜಾಬ್ ನಿಂತಿದ್ದ, ಕಣ್ಣು ಒದ್ದೆ.

“ದಿನವಿಡೀ ನನ್ನ ಕಡೆಯವರನ್ನ ಗಾಡೀಲಿ ಹೊತ್ತೆಯಂತೆ. ಇಂಥವನನ್ನ ಮನೇಲಿ ಕೂರಿಸಿ ನಾನು ಹ್ಯಾಗೆ ನಿದ್ದೆ ಮಾಡ್ಲಿ, ಮಾರಾಯ? ಪುರಸಭೇಲಿ ಆಲ್ಡರ್‌ಮನ್ ಅನ್ನೋ ಹಿರಿಯ ಸದಸ್ಯನ ಜಾಗ ಒಂದು ಖಾಲಿ ಇದೆ. ಅದಕ್ಕೆ ಜನರ ಮತ ಬೇಡ, ನಾವು ಸದಸ್ಯರೇ ಆರಿಸೋದು. ಎರಡೂ ಪಕ್ಷದವರನ್ನ ಒಪ್ಪಿಸಿ ಬಂದಿದೀನಿ. ಗೆದ್ದಿದ್ರೆ ಮೂರೇ ವರ್ಷ. ಇದು ಆರು.”

ಎನಕ್ ಹೆಂಡತಿಯನ್ನು ನೋಡಿದ. ಜಾಬ್‌ನ ಒದ್ದೆ ಕಣ್ಣು ನೋಡಿದ. ಆಗುವುದಿಲ್ಲವೆಂದು ಹೇಳಲು ಬಾಯಿ ತೆರೆದ.

“ದೊಡ್ಡ ಉಪಕಾರ ಆಯ್ತು, ಜಾಬ್.”

ಸೆಲೀನಾ ನಿಧಾನವಾಗಿ ಚಮಚ ಕೆಳಗಿಟ್ಟಳು.

“ಜಾಬ್, ಸಭೆ ಇದ್ದ ದಿನ ನಿಮ್ಮ ಹೆಂಡ್ತೀನ ಇಲ್ಲಿಗೇ ಊಟಕ್ಕೆ ಕಳಿಸಿಬಿಡಿ. ಇನ್ಮೇಲೆ ಅವಳೂ ಒಬ್ಬಳೇ ಅಲ್ವಾ?”