ಗುರಿ ತಪ್ಪಿದರೂ ಒಂದು ಪಾಯಿಂಟು

ಅಮೆರಿಕದ ಬಗ್ಗೆ ಉಮಾನಾಥನಿಗೆ ಇದ್ದ ದೂರು ಒಂದೇ. ಇಷ್ಟು ದೊಡ್ಡ ದೇಶ ಕಟ್ಟಿದವರಿಗೆ ಕ್ರಿಕೆಟ್ಟು ಇಟ್ಟುಕೊಳ್ಳಬೇಕೆಂದು ತೋಚಲಿಲ್ಲವಲ್ಲ! ಎಂಬತ್ತರ ದಶಕದಲ್ಲಿ ಉಡುಪಿಯಿಂದ ಸ್ಯಾನ್ ರಮೋನಿಗೆ ಬಂದ ಹೊಸದರಲ್ಲಿ ಬೇಸ್‌ಬಾಲಿನೊಂದಿಗೆ ರಾಜಿ ಮಾಡಿಕೊಳ್ಳಲು ನೋಡಿದ. ಆಗಲಿಲ್ಲ. ಅಲ್ಲಿ ಚೆಂಡು ಹೊಡೆದವನು ಬ್ಯಾಟು ಬಿಸಾಡಿ ಓಡುತ್ತಾನೆ. ಆಯುಧ ಬಿಸಾಡಿ ಓಡುವವನಿಗೆ ಚಪ್ಪಾಳೆ ತಟ್ಟುವುದು ನಮ್ಮ ಕಡೆಯ ಪದ್ಧತಿಯಲ್ಲ.

ಹೀಗೆ ಬರಗೆಟ್ಟು ಕೂತಿದ್ದವನಿಗೆ ಒಂದು ಭಾನುವಾರ ಬೆಳಿಗ್ಗೆ ಕೇಬಲ್ಲಿನ ಆಟದ ಚಾನೆಲ್ಲಿನಲ್ಲಿ ಸಾಕ್ಷಾತ್ ದರ್ಶನವಾಯಿತು. ದುಂಡನೆಯ ಹಸಿರು ಮೈದಾನ. ಅದರ ಅಂಚಿನಲ್ಲಿ ಬಿಳಿ ಕೋಟು, ಬಿಳಿ ಟೋಪಿ ತೊಟ್ಟ ಒಬ್ಬ ಗಂಭೀರ ಪುರುಷ. ಆತ ಒಂದು ಬೆರಳು ತೋರಿಸಿದ. ಉಮಾನಾಥ ಸೋಫಾದಿಂದ ಹಾರಿ “ಔಟ್!” ಎಂದು ಕಿರುಚಿದ. ಅಡುಗೆಮನೆಯಲ್ಲಿ ಹೆಂಡತಿ ಪ್ರಫುಲ್ಲಾಳ ಕೈಯಿಂದ ಸೌಟು ಬಿತ್ತು.

ಅದು ಕ್ರಿಕೆಟ್ಟಲ್ಲ, ಆಸ್ಟ್ರೇಲಿಯದವರ ಫುಟ್‌ಬಾಲು ಎಂದು ತಿಳಿಯುವಷ್ಟರಲ್ಲಿ ಹೊತ್ತು ಮೀರಿತ್ತು, ಪ್ರೀತಿ ಅಂಟಿಕೊಂಡುಬಿಟ್ಟಿತ್ತು. ಮೈದಾನದ ಎರಡು ತುದಿಗಳಲ್ಲೂ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡು ಒದ್ದರೆ ಆರು ಪಾಯಿಂಟು. ಗುರಿ ತಪ್ಪಿ ಪಕ್ಕದ ಸಂದಿಯಲ್ಲಿ ತೂರಿದರೆ ಅದಕ್ಕೆ ‘ಬಿಹೈಂಡ್’ ಎಂದು ಹೆಸರು. ಬಿಳಿ ಕೋಟಿನವನು ಒಂದು ಬೆರಳು ತೋರಿಸಿ ಅದಕ್ಕೂ ಒಂದು ಪಾಯಿಂಟು ಕೊಡುತ್ತಾನೆ! ಗುರಿ ತಪ್ಪಿದವನನ್ನೂ ಬರಿಗೈಯಲ್ಲಿ ಕಳಿಸದ ಆ ಧರ್ಮಬುದ್ಧಿಗೆ ಉಮಾನಾಥನ ಕಣ್ಣು ತುಂಬಿತು. (ಮದುವೆಯಾದ ಒಂಬತ್ತು ವರ್ಷಗಳಲ್ಲಿ ಅವನು ಮನೆಯೊಳಗೆ ಬಿಟ್ಟ ಬಾಣಗಳಿಗೆ ಇಂಥ ಮರ್ಯಾದೆ ಎಂದೂ ಸಿಕ್ಕಿರಲಿಲ್ಲ.)

ಈ ಭಕ್ತಿಗೆ ಜೊತೆಯಾದವನು ಆಫೀಸಿನ ಕೆಂಪರಾಜು. ಮಂಡ್ಯದ ಕಡೆಯವನು; ಹೆಂಡತಿ ಬಾಣಂತನಕ್ಕೆ ಊರಿಗೆ ಹೋಗಿದ್ದರಿಂದ ಭಾನುವಾರದ ಊಟ ಇಲ್ಲೇ. ಬಿಳಿ ಜೆರ್ಸಿಯ, ಉದ್ದ ಕಾಲಿನ, ಯಾವಾಗಲೂ ಸೋಲುವ ಒಂದು ತಂಡವನ್ನು ಕಂಡು ಅವನಿಗೆ ಕೊಕ್ಕರೆ ಬೆಳ್ಳೂರು ನೆನಪಾಯಿತು. ಅಂದಿನಿಂದ ಆ ತಂಡ ‘ಕೊಕ್ಕರೆಗಳು’. ಅದರ ಅಭಿಮಾನಿಗಳ ಸಂಘಕ್ಕೆ ಅಧ್ಯಕ್ಷ ಉಮಾನಾಥ, ಸದಸ್ಯ ಕೆಂಪರಾಜು.

ಪ್ರಫುಲ್ಲಾಳ ದೂರೇ ಬೇರೆ. ಸ್ಯಾನ್ ರಮೋನಿನಲ್ಲಿ ಕಾರಿಲ್ಲದವರಿಗೆ ಕೊತ್ತಂಬರಿ ಸೊಪ್ಪೂ ದೂರ. ಮನೆಗಿದ್ದದ್ದು ಒಂದೇ ಸ್ಟೇಷನ್ ವ್ಯಾಗನ್. ಅದರ ಮೈಗೆ ಮರದ ಬಣ್ಣದ ಪಟ್ಟಿ ಅಂಟಿಸಿದ್ದರು. ಅದು ಪ್ಲಾಸ್ಟಿಕ್ಕೆಂದು ಒಪ್ಪದ ಉಮಾನಾಥ ಅದಕ್ಕೆ ವಾರವಾರ ಎಣ್ಣೆ ಒರೆಸುತ್ತಿದ್ದ. ಡ್ರೈವಿಂಗು ಕಲಿಸಿ ಎಂದು ಅವಳು ಎರಡು ವರ್ಷದಿಂದ ಕೇಳುತ್ತಿದ್ದಳು, ಅವನು ಎರಡು ವರ್ಷದಿಂದ “ನೋಡೋಣ” ಎನ್ನುತ್ತಿದ್ದ. ಈಗ ಪಕ್ಕದೂರು ವಾಲ್ನಟ್ ಕ್ರೀಕಿನ ಒಂದು ಗಿಡದ ನರ್ಸರಿಯಲ್ಲಿ ಅವಳಿಗೆ ವಾರಕ್ಕೆರಡು ದಿನದ ಕೆಲಸ ಸಿಕ್ಕಿತ್ತು. ಸಸ್ಯಶಾಸ್ತ್ರ ಓದಿ ಒಗ್ಗರಣೆಗೆ ಕರಿಬೇವು ಕಿತ್ತುಹಾಕುವುದರಲ್ಲೇ ಆಯುಷ್ಯ ಕಳೆಯುತ್ತಿದ್ದವಳಿಗೆ ಆ ಕೆಲಸದ ಮೇಲೆ ಪ್ರಾಣವೇ ಇತ್ತು. ಬರುತ್ತೀರೋ ಇಲ್ಲವೋ, ಸೋಮವಾರದೊಳಗೆ ಹೇಳಿ ಎಂದಿದ್ದರು. ಉಮಾನಾಥ ಎಂದಿನಂತೆ “ನೋಡೋಣ” ಎಂದಿದ್ದ.

ಕೆಲಸದ ಸುದ್ದಿ ತಂದವಳು ಎರಡು ಮನೆ ಆಚೆ ಬಾಡಿಗೆಗಿದ್ದ ಶೀಲಾ. ಉಮಾನಾಥ ಅವಳನ್ನು ನೋಡಿರಲಿಲ್ಲ. ದಿನಕ್ಕೆ ಹತ್ತು ಸಲ ಹೆಸರು ಕೇಳುತ್ತಿದ್ದ. ಶೀಲಾ ಜೊತೆ ಹೋಗಿದ್ದೆ, ಶೀಲಾ ಹೀಗಂದಳು, ಶೀಲಾಗೆ ಖಾರ ಆಗುವುದಿಲ್ಲ. ಖಾರ ಆಗುವುದಿಲ್ಲ ಎಂದ ಮೇಲೆ ಗುಜರಾತಿಯೇ ಸರಿ ಎಂದು ಅವನು ತೀರ್ಮಾನಿಸಿದ್ದ. ಹೆಂಗಸರಿಬ್ಬರೂ ಸೇರಿ ಢೋಕ್ಲಾ ಕಲಿಯುತ್ತಿರಬೇಕು ಎಂದುಕೊಂಡು ನೆಮ್ಮದಿಯಾಗಿದ್ದ.

ಹೀಗಿರುವಾಗ ಕೊಕ್ಕರೆಗಳಿಗೆ ಮಹಾಗಂಡಾಂತರ ಬಂತು. ಈ ಭಾನುವಾರದ ಆಟ ಅಂಕಪಟ್ಟಿಯ ಮೊದಲ ಸ್ಥಾನದಲ್ಲಿದ್ದ ತಂಡದ ಮೇಲೆ. ಅವರ ಒಬ್ಬೊಬ್ಬನ ಕತ್ತೂ ನಮ್ಮವರ ಸೊಂಟದಷ್ಟಿತ್ತು. ಉಮಾನಾಥ ಅವರಿಗೆ ‘ಕೋಣಗಳು’ ಎಂದು ನಾಮಕರಣ ಮಾಡಿ, ಬೆಳಿಗ್ಗೆಯೇ ತುರ್ತು ಯುದ್ಧಸಭೆ ಕರೆದ. ಕಾಫಿ ಟೇಬಲ್ಲೇ ಮೈದಾನವಾಯಿತು. ಹದಿನೆಂಟು ಗೋಡಂಬಿ ಕೊಕ್ಕರೆಗಳು. ಪ್ರಫುಲ್ಲಾ ಆಗಷ್ಟೇ ಕರಿದಿಟ್ಟ ಹದಿನೆಂಟು ಗೋಳಿಬಜೆ ಕೋಣಗಳು.

“ನೋಡು, ಕೋಣಗಳಿಗೆ ಒಂದು ವೀಕ್ನೆಸ್ಸು ಉಂಟು” ಎಂದ ಅಧ್ಯಕ್ಷ. “ನೀನು ಕಂಬಳ ನೋಡಿದ್ದೀಯಾ?”

“ನಮ್ ಕಡೆ ಎತ್ತಿನ್ ಗಾಡಿ ರೇಸು ಕಣಣ್ಣ.”

“ಕೋಣ ಓಡ್ಲಿಕ್ಕೆ ಶುರು ಮಾಡಿದ್ರೆ ಬ್ರಹ್ಮ ಬಂದ್ರೂ ನಿಲ್ಲುವುದಿಲ್ಲ. ಆದ್ರೆ ನೇರ ಮಾತ್ರ ಓಡ್ತದೆ, ತಿರುಗ್ಲಿಕ್ಕೆ ಗೊತ್ತಿಲ್ಲ. ನಮ್ಮವರು ಅಡ್ಡ ಓಡ್ಬೇಕು. ಹೀಗೆ!” ಎಂದು ಒಂದು ಗೋಡಂಬಿಯನ್ನು ಅಡ್ಡಾದಿಡ್ಡಿ ಓಡಿಸಿದ. ಅದು ಟೇಬಲ್ಲಿನಿಂದ ಬಿದ್ದು ಸೋಫಾದಡಿ ಸೇರಿತು.

“ಅಡ್ಡ ಓಡಿದ್ರೆ ಇಂಗೇ ಆಗೋದು. ಕಬಡ್ಡಿ ಥರ ಒಬ್ಬೊಬ್ಬನ ಮ್ಯಾಲೆ ಇಬ್ಬಿಬ್ರು ಬೀಳ್ಬೇಕು. ಒಬ್ಬ ಸೊಂಟ ಇಡೀಬೇಕು, ಒಬ್ಬ ಕಾಲು.”

“ಹದಿನೆಂಟು ಜನರ ಮೇಲೆ ಇಬ್ಬಿಬ್ಬರು ಅಂದ್ರೆ ಮೂವತ್ತಾರು ಜನ ಬೇಕಲ್ಲ ಮಾರಾಯ! ಎಲ್ಲಿಂದ ತರುವುದು?”

ಕೆಂಪರಾಜು ಆಳವಾಗಿ ಯೋಚಿಸಿದ. ಯೋಚಿಸುತ್ತಲೇ ಎದುರಾಳಿಯ ಸೆಂಟರ್ ಫಾರ್ವರ್ಡನ್ನು ಎತ್ತಿ ಚಟ್ನಿಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡ. “ಈಗ ಅವ್ರು ಅದಿನೇಳೇ” ಎಂದ.

ಕಾಫಿ ತಂದ ಪ್ರಫುಲ್ಲಾ ರಣರಂಗವನ್ನು ನೋಡಿದಳು. “ಈ ಪ್ಲಾನು ಆ ಹುಡುಗರಿಗೆ ಗೊತ್ತಾಗುವುದು ಹೇಗೆ? ಕಾಗದ ಬರೀತೀರಾ?”

“ಸಂಕಲ್ಪಬಲ ಅಂತ ಒಂದುಂಟು. ನಾವಿಲ್ಲಿ ಗಟ್ಟಿಯಾಗಿ ಯೋಚಿಸಿದ್ರೆ ಅಲ್ಲಿ ಮುಟ್ತದೆ.”

“ಅವರು ಆಡುವುದು ಈಗಲೇ ಅಲ್ವಾ?”

“ಈಗ ಎಂತ ಈಗ! ಅಲ್ಲಿ ಆಗ್ಲೇ ನಾಳೆ ಮಾರಾಯ್ತಿ. ನಾವು ನಾಳೆಯ ಆಟವನ್ನು ಇವತ್ತೇ ನೋಡುವುದು.”

“ಅಲ್ಲಣ್ಣ” ಎಂದ ಕೆಂಪರಾಜು, “ಅಲ್ಲೀಗ ಸರಿರಾತ್ರಿ ಇರ್ಬೇಕಲ್ವಾ? ಟೀವೀಲಿ ಯಾವಾಗ್ಲೂ ಬಿಸ್ಲು ಇರ್ತದಲ್ಲ?”

“ದಕ್ಷಿಣಾರ್ಧ ಗೋಳ. ಅಲ್ಲಿ ಎಲ್ಲ ಉಲ್ಟಾ” ಎಂದು ಉಮಾನಾಥ ಭೂಗೋಳದ ಬಾಯಿ ಮುಚ್ಚಿಸಿದ.

“ಹೌದಾ” ಎಂದಳು ಪ್ರಫುಲ್ಲಾ. (ಆ ‘ಹೌದಾ’ ಕೇಳಿಬಂದಾಗಲೆಲ್ಲ ಮನೆಯಲ್ಲಿ ಏನೇನು ನಡೆದಿತ್ತು ಎಂದು ಅವನು ಒಂದು ಕ್ಷಣ ನೆನೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.) “ಹಾಗಾದ್ರೆ ಒಂದು ಪಂಥ ಕಟ್ಟುವ. ನಿಮ್ಮ ಕೊಕ್ಕರೆಗಳು ಗೆದ್ರೆ ನಾನು ನರ್ಸರಿಯ ಹೆಸರೆತ್ತುವುದಿಲ್ಲ. ಸೀಸನ್ನು ಮುಗಿಯುವವರೆಗೆ ಪ್ರತಿ ಭಾನುವಾರ ಗೋಳಿಬಜೆ, ನೀರುದೋಸೆ. ಸೋತ್ರೆ ಮಂಗಳವಾರ, ಗುರುವಾರ ಕಾರು ನನಗೆ.”

“ನಿನಗೆ ಡ್ರೈವಿಂಗೇ ಬರುವುದಿಲ್ಲವಲ್ಲ!”

“ಅದು ನನ್ನ ತಲೆನೋವು.”

ಉಮಾನಾಥ ಲೆಕ್ಕ ಹಾಕಿದ. ಒಂದು ಕಡೆ ಎಣ್ಣೆ ಒರೆಸಿ ಸಾಕಿದ ವ್ಯಾಗನ್. ಇನ್ನೊಂದು ಕಡೆ ತಂಡದ ಮಾನ. ಅಧ್ಯಕ್ಷನೇ ಹಿಂದೇಟು ಹಾಕಿದರೆ ಸಂಕಲ್ಪಬಲದ ಗತಿಯೇನು? ಅಲ್ಲದೆ ಸದಸ್ಯ ಆಗಲೇ ನೀರುದೋಸೆಯ ಹೆಸರು ಕೇಳಿ ತಲೆದೂಗುತ್ತಿದ್ದ. “ಆಗ್ಲಿ” ಎಂದ ಉಮಾನಾಥ.

ಆಟ ಶುರುವಾಯಿತು. ಏನು ಆಶ್ಚರ್ಯ! ಕೊಕ್ಕರೆಗಳು ನಿಜವಾಗಿಯೂ ಅಡ್ಡ ಓಡಿದರು. ಕೋಣಗಳು ನೇರ ಹೋಗಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಮೂರು ಪಾಳಿ ಮುಗಿದು ಒಂದೇ ಪಾಳಿ ಉಳಿದಾಗ ನಮ್ಮವರು ಮೂರು ಗೋಲು ಮುಂದಿದ್ದರು. ಉಮಾನಾಥ ಕುರ್ಚಿಯ ಮೇಲೆ ಹತ್ತಿ ನಿಂತ.

“ಮುಟ್ಟಿತು! ಪ್ಲಾನು ಮುಟ್ಟಿತು! ಎಲ್ಲಿದ್ದಿ ಪ್ರಫುಲ್ಲಾ? ಅಕ್ಕಿ ನೆನೆಹಾಕು!”

“ಇನ್ನೂ ಒಂದು ಪಾಳಿ ಉಂಟಲ್ಲ” ಎಂದಳು ಅವಳು, ಬೀನ್ಸಿನ ನಾರು ತೆಗೆಯುತ್ತ.

“ಉಂಟು, ಉಂಟು! ಎರಡು ದಿನ ಯಾಕೆ? ಸೋತ್ರೆ ವಾರದ ಐದೂ ದಿನ ಕಾರು ನಿನ್ನದು! ನಾನು ಇವನ ಕಾರಿನಲ್ಲಿ ಆಫೀಸಿಗೆ ಹೋಗ್ತೇನೆ!”

ಬೀನ್ಸು ಬಿಡಿಸುತ್ತಿದ್ದ ಕೈ ನಿಂತಿತು. “ಕೆಂಪಣ್ಣ, ನೀವೇ ಸಾಕ್ಷಿ.”

“ಉಪ್ಪು ತಿಂದ ಮನೆ. ಸುಳ್ಳೇಳಕಿಲ್ಲ ಕಣಕ್ಕ” ಎಂದ ಕೆಂಪರಾಜು ತುಂಬಿದ ಬಾಯಲ್ಲಿ. ತಟ್ಟೆಯಲ್ಲಿ ಉಳಿದಿದ್ದದ್ದು ನಾಲ್ಕೇ ಕೋಣ.

ಕೊನೆಯ ಪಾಳಿಯಲ್ಲಿ ಕೋಣಗಳು ತಿರುಗಲು ಕಲಿತುಬಿಟ್ಟರು. ಒಂದು ಗೋಲು ಹೋಯಿತು, ಇನ್ನೊಂದು, ಮತ್ತೊಂದು. ಕೊನೆಗೆ ಕೋಣಗಳೇ ಮುಂದಾದರು. ಉಮಾನಾಥ ಕುರ್ಚಿಯಿಂದಿಳಿದು ಗೋಡಂಬಿಗಳನ್ನೆಲ್ಲ ರಕ್ಷಣೆಗೆ ಹಿಂದಕ್ಕೆ ಸರಿಸಿದ, ಉಡುಪಿ ಕೃಷ್ಣನಿಗೆ ಹಾಲುಪಾಯಸದ ಹರಕೆ ಹೇಳಿಕೊಂಡ. ಕೃಷ್ಣ ಕಣ್ಣುಬಿಟ್ಟಂತೆಯೂ ಕಂಡಿತು: ಇನ್ನೇನು ಆಟ ಮುಗಿಯಬೇಕು, ಚೆಂಡು ಒಬ್ಬ ಕೊಕ್ಕರೆಯ ಕೈಗೆ ಬಂತು. ಗೋಲಾದರೆ ಗೆಲುವು. ಹುಡುಗ ಒದ್ದ. ಚೆಂಡು ನೇರ ಹೋಯಿತು, ಹೋಗುತ್ತ ಹೋಗುತ್ತ ವಾಲಿತು, ವಾಲಿ ಪಕ್ಕದ ಸಂದಿಯಲ್ಲಿ ತೂರಿತು. ಬಿಳಿ ಕೋಟಿನವನು ಒಂದೇ ಒಂದು ಬೆರಳು ತೋರಿಸಿದ. ಮೊದಲ ದಿನ ಆ ಬೆರಳನ್ನು ತಪ್ಪಾಗಿ ಓದಿದ್ದ ಉಮಾನಾಥ ಇಂದು ಸರಿಯಾಗಿಯೇ ಓದಿದ. ತಾನು ಔಟ್.

ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಪ್ರಫುಲ್ಲಾ ಬಾಗಿಲು ತೆಗೆದು “ಬಾ ಶೀಲಾ” ಎಂದಳು. ಒಳಗೆ ಬಂದವಳು ಆರಡಿ ಎತ್ತರದ, ಕೆಂಚು ಕೂದಲಿನ, ಬಿಸಿಲಿಗೆ ಮೂಗು ಸುಲಿದ ಬಿಳಿ ಹೆಂಗಸು. “ಎಂಥಾ ಮಾರಾಯ್ರೇ, ಹುಷಾರಾ?” ಎಂದು ಅಪ್ಪಟ ಉಡುಪಿಯ ರಾಗದಲ್ಲಿ ಕೇಳಿದಳು. ಉಮಾನಾಥನ ಗುಜರಾತು ಅಲ್ಲೇ ಕುಸಿಯಿತು.

“ಶೀಲಾ ಮೆಲ್ಬರ್ನಿನವಳು” ಎಂದಳು ಪ್ರಫುಲ್ಲಾ. “ಅಲ್ಲಿ ಈ ಹೆಸರು ತುಂಬಾ ಉಂಟಂತೆ.”

ಶೀಲಾಳ ಕಣ್ಣು ಟೀವಿಯ ಮೇಲೆ ಬಿತ್ತು. ಮುಂದಿನದನ್ನು ಅವಳು ಇಂಗ್ಲಿಷಿನಲ್ಲಿ ಹೇಳಿದಳು, ಉಮಾನಾಥನಿಗೆ ಒಂದೊಂದು ಅಕ್ಷರವೂ ಕನ್ನಡದಲ್ಲೇ ಚುಚ್ಚಿತು. ಅಯ್ಯೋ ಪಾಪ, ಇದನ್ನು ಈಗ ನೋಡುತ್ತಿದ್ದೀರಾ? ಇದು ಎರಡು ವಾರದ ಹಿಂದಿನ ಆಟ. ಟೇಪು ವಿಮಾನ ಹತ್ತಿ ಇಲ್ಲಿಗೆ ಬರಬೇಕಲ್ಲ! ನಮ್ಮಣ್ಣ ಅವತ್ತೇ ಫೋನಿನಲ್ಲಿ ಹೇಳಿದ್ದ. ಕೊನೆಯ ಒದೆ ಬಿಹೈಂಡ್ ಹೋಯಿತು, ಅಲ್ಲವೇ? ಪ್ರಫುಲ್ಲಾಗೆ ಮರುದಿನವೇ ತಿಳಿಸಿದ್ದೆನಲ್ಲ!

ಸಂಘದ ಸದಸ್ಯ ಮೊದಲು ಬಾಯಿಬಿಟ್ಟ. “ಕೊಳ್ಳೆ ಒಡೆದ್ ಮ್ಯಾಲೆ ಕೋಟೆ ಬಾಗ್ಲು ಆಕ್ದಂಗಾಯ್ತಲ್ಲಣ್ಣ.”

“ಮೋಸ! ಶುದ್ಧ ಮೋಸ!” ಎಂದು ಉಮಾನಾಥ ಕೂಗಿದ.

“ಎಂತ ಮೋಸ? ಅಲ್ಲಿ ಆಗ್ಲೇ ನಾಳೆ ಅಂತ ಹೇಳಿದ್ದು ನೀವು. ಆ ನಾಳೆ ನನಗೆ ಸ್ವಲ್ಪ ಬೇಗ ಗೊತ್ತಾಯ್ತು, ಅಷ್ಟೇ. ಮತ್ತೆ ನಾನು ಕೇಳಿದ್ದು ಎರಡೇ ದಿನ. ಐದು ಮಾಡಿದ್ದು ಯಾರು?”

ಸಾಕ್ಷಿ ತಲೆ ತಗ್ಗಿಸಿ ಅಧ್ಯಕ್ಷನ ಕಡೆ ಬೆರಳು ತೋರಿಸಿದ.

ಉಮಾನಾಥನ ಬತ್ತಳಿಕೆಯಲ್ಲಿ ಇನ್ನೊಂದು ಬಾಣವಿತ್ತು. ಬೀಗದ ಕೈ ಗೊಂಚಲನ್ನು ಠೀವಿಯಿಂದ ಮುಂದೆ ಚಾಚಿದ. “ತಗೋ. ಬರುವುದಾದ್ರೆ ಓಡಿಸು ನೋಡುವ. ಬರದಿದ್ರೆ ವಾಪಸ್ಸು ಕೊಡು.”

ಅವಳು ಗೊಂಚಲು ತೆಗೆದುಕೊಂಡು ಸೀದಾ ಗ್ಯಾರೇಜಿಗೆ ನಡೆದಳು. ಉಮಾನಾಥ ಮರದ ಪಟ್ಟಿಗಾಗಿ ಕಣ್ಣು ಮುಚ್ಚಿಕೊಂಡ. ಕಣ್ಣು ತೆರೆದಾಗ ಪಟ್ಟಿಗೆ ಕೂದಲಷ್ಟೂ ತಾಗದಂತೆ ವ್ಯಾಗನ್ ಹಿಮ್ಮುಖವಾಗಿ ಜಾರಿ ರಸ್ತೆಯ ಅಂಚಿನಲ್ಲಿ ನಿಂತಿತ್ತು. (ಅವನೇ ಹಾಗೆ ತೆಗೆಯಲು ಮೂರು ಸಲ ಹಿಂದೆ ಮುಂದೆ ಆಡಬೇಕಾಗುತ್ತಿತ್ತು.) ಚಳಿಗಾಲದಿಂದ ಶೀಲಾಳ ಕಾರಿನಲ್ಲಿ ಸ್ಕೂಲಿನ ಖಾಲಿ ಪಾರ್ಕಿಂಗಿನಲ್ಲಿ ಅಭ್ಯಾಸ, ಎಡಗಡೆ ಓಡಿಸುವ ದೇಶಗಳಿಂದ ಬಂದ ಇಬ್ಬರೂ ಒಬ್ಬರಿಗೊಬ್ಬರು “ಬಲಕ್ಕೆ, ಬಲಕ್ಕೆ” ಎಂದು ಕೂಗಿಕೊಂಡು ಕಲಿತದ್ದು. ಲೈಸೆನ್ಸು ಬಂದು ತಿಂಗಳಾಗಿತ್ತು. ಶೀಲಾ ಜೊತೆ ಹೋಗಿದ್ದೆ, ಶೀಲಾ ಜೊತೆ ಹೋಗಿದ್ದೆ ಎಂದು ಅವಳು ಪ್ರತಿದಿನ ಸತ್ಯವನ್ನೇ ಹೇಳಿದ್ದಳು. ಇವನು ಢೋಕ್ಲಾ ಎಂದುಕೊಂಡಿದ್ದ. ಉಮಾನಾಥನಿಗೆ ನಾಚಿಕೆಯಾಯಿತು. ಅದರ ಜೊತೆಗೇ, ಯಾರಿಗೂ ಹೇಳಬಾರದಂಥ ಒಂದು ಹೆಮ್ಮೆಯೂ ಆಯಿತು.

“ನರ್ಸರಿಗೆ ಹೋಗಿ, ಕೆಲಸಕ್ಕೆ ಬರ್ತೇನೆ ಅಂತ ಹೇಳಿ ಬರುವ. ಇವತ್ತು ತೆರೆದಿರ್ತದೆ” ಎಂದು ಪ್ರಫುಲ್ಲಾ ಕಿಟಕಿಯಿಂದ ಕರೆದಳು. ವ್ಯಾಗನನ್ನು ಒಂಟಿಯಾಗಿ ಫ್ರೀವೇಗೆ ಕಳಿಸಲು ಉಮಾನಾಥನಿಗೆ ಮನಸ್ಸು ಬರಲಿಲ್ಲ. ಓಡಿ ಹೋಗಿ ಮುಂದಿನ ಬಾಗಿಲಿಗೆ ಕೈ ಹಾಕಿದ. ಅಲ್ಲಿ ಶೀಲಾ ಆಗಲೇ ಬೆಲ್ಟು ಬಿಗಿದು ಕುಳಿತಿದ್ದಳು. ಹಿಂದಿನ ಸೀಟಿನಲ್ಲಿ ಕೆಂಪರಾಜು, ಉಳಿದ ನಾಲ್ಕು ಗೋಳಿಬಜೆಗಳ ತಟ್ಟೆಯೊಂದಿಗೆ.

ಎರಡು ವರ್ಷ ತಾನೇ ಚಕ್ರ ಹಿಡಿದ ಕಾರಿನಲ್ಲಿ ಉಮಾನಾಥ ಮೊದಲ ಬಾರಿಗೆ ಹಿಂದೆ ಕುಳಿತ. ಶೀಲಾ ಹಿಂದಕ್ಕೆ ತಿರುಗಿ ನೋಡಿ, ಬಿಳಿ ಕೋಟಿನವನಷ್ಟೇ ಗಂಭೀರವಾಗಿ ಒಂದು ಬೆರಳು ತೋರಿಸಿದಳು.

“ಬಿಹೈಂಡ್!”

ಪ್ರಫುಲ್ಲಾ ಕನ್ನಡಿಯಲ್ಲಿ ಗಂಡನ ಮುಖ ನೋಡಿ ಗೇರು ಹಾಕಿದಳು. “ಬೇಜಾರು ಮಾಡ್ಬೇಡಿ. ಒಂದು ಪಾಯಿಂಟು ಉಂಟಲ್ಲ.”